ಒಂದು ಮಂಡಿ, ಇಪ್ಪತ್ನಾಲ್ಕು ಲಕ್ಷ ಆನೆ

ನಮ್ಮ ದೊಡ್ಡಮ್ಮ ಭೂಮಿಗೆ ಎರಡು ಸುತ್ತು ಬಂದಿದ್ದಾರೆ. ಕೊಪ್ಪದ ಸಂತೆ, ಶೃಂಗೇರಿಯ ಶಾರದಾಂಬೆ, ನರಸಿಂಹರಾಜಪುರದ ತವರುಮನೆ, ಇಷ್ಟು ಬಿಟ್ಟರೆ ಬೇರೆ ಊರು ಕಂಡವರಲ್ಲ. ಆದರೂ ಎರಡು ಸುತ್ತು! ಅಡಿಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ ದಿನಕ್ಕೆ 6,000 ಹೆಜ್ಜೆ ಎಂದಿಟ್ಟುಕೊಳ್ಳೋಣ. ತೋಟದ ಮನೆಯ ಹೆಂಗಸಿಗೆ ಇದು ತೀರಾ ಜಿಪುಣ ಲೆಕ್ಕ, ಇರಲಿ. ಹೆಜ್ಜೆಗೆ 65 ಸೆಂ.ಮೀ. ಹಿಡಿದರೆ ದಿನಕ್ಕೆ ನಾಲ್ಕು ಕಿ.ಮೀ.ಗೆ ತುಸು ಕಮ್ಮಿ. ಹತ್ತನೇ ವಯಸ್ಸಿನಿಂದ ಎಪ್ಪತ್ತರ ತನಕ, 60 ವರ್ಷಕ್ಕೆ 85,410 ಕಿ.ಮೀ. ಭೂಮಿಯ ಸುತ್ತಳತೆ 40,075. ಎರಡು ಸುತ್ತು ಮುಗಿದು ಮೂರನೆಯದಕ್ಕೆ ಐದು ಸಾವಿರ ಕಿ.ಮೀ. ಹೋದ ಮೇಲೆಯೇ ಅವರ ಬಲಮಂಡಿ ‘ಇನ್ನು ನನ್ನ ಕೈಲಾಗದು’ ಎಂದದ್ದು.

ಮಂಡಿಯ ಕಡೆಯಿಂದ ನೋಡಿದರೆ ಅದು ಹೇಳಿದ್ದು ತಡವೇ. ಆಗುಂಬೆ ಘಾಟಿಯ 14 ತಿರುವು ಇಳಿಯುವಷ್ಟರಲ್ಲಿ ನಮಗೆ ತಲೆ ಸುತ್ತಿ ನಿಂಬೆಹಣ್ಣು ಬೇಕಾಗುತ್ತದೆ. ಮಂಡಿಗೆ ದಿನವೊಂದಕ್ಕೆ 3,000 ಬಾಗು. ಅರವತ್ತು ವರ್ಷಕ್ಕೆ 6 ಕೋಟಿ 57 ಲಕ್ಷ.

ಬರೀ ಬಾಗುವುದಾಗಿದ್ದರೆ ಪರವಾಗಿಲ್ಲ, ಹೊರಲೂ ಬೇಕು. ಸಮತಟ್ಟು ನೆಲದಲ್ಲಿ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಎರಡೂವರೆ ಪಟ್ಟು. ದೊಡ್ಡಮ್ಮನ ತೂಕ 60 ಕಿಲೋ. ಹಾಗಾದರೆ ಹೆಜ್ಜೆಗೆ 150 ಕಿಲೋ, ಅಂದರೆ ಮೂರು ಚೀಲ ಸಿಮೆಂಟ್. ಉಪ್ಪರಿಗೆಯ ಮೆಟ್ಟಿಲಿಳಿಯುವಾಗ ನಾಲ್ಕು ಚೀಲ ದಾಟುತ್ತದೆ. ಮೆಟ್ಟಿಲನ್ನು ಬಿಟ್ಟೇ ಕೂಡಿದರೂ ಒಂದು ಮಂಡಿಗೆ ದಿನಕ್ಕೆ 450 ಟನ್. ಬೆಳೆದ ಸಲಗಕ್ಕೆ ನಾಲ್ಕು ಟನ್ನಿನಂತೆ 112 ಆನೆ! ಕರ್ನಾಟಕದಲ್ಲಿ 2023ರ ಗಣತಿಯ ಪ್ರಕಾರ ಇರುವ ಆನೆಗಳೇ 6,395, ದೇಶದಲ್ಲೇ ಹೆಚ್ಚು. ಮರಿಗಳನ್ನೂ ಸಲಗಗಳೆಂದೇ ಎಣಿಸಿದರೂ, ರಾಜ್ಯದ ಅಷ್ಟೂ ಆನೆಗಳು ನಮ್ಮ ದೊಡ್ಡಮ್ಮನ ಒಂದು ಮಂಡಿಯ ಮೇಲೆ ಹಾದುಹೋಗಲು 57 ದಿನ ಸಾಕು. ದೀಪಾವಳಿಗೆ ಹೊರಟರೆ ಸಂಕ್ರಾಂತಿಯೊಳಗೆ ಕೊನೆಯ ಆನೆಯೂ ದಾಟಿರುತ್ತದೆ ಎನ್ನಿ. ಅರವತ್ತು ವರ್ಷಕ್ಕೆ 24 ಲಕ್ಷ ಆನೆಗೂ ಮಿಕ್ಕಿ. ತೂಕ ಸುಮಾರು ಒಂದು ಕೋಟಿ ಟನ್. ಈಜಿಪ್ಟಿನ ಮಹಾ ಪಿರಮಿಡ್ಡಿನ ತೂಕವೇ 60 ಲಕ್ಷ ಟನ್ ಆಸುಪಾಸು.

ಇಷ್ಟನ್ನೂ ತಡೆದುಕೊಂಡದ್ದು ಯಾವುದು? ಎಲುಬಿನ ತುದಿಗೆ ಅಂಟಿದ, ಎರಡರಿಂದ ನಾಲ್ಕು ಮಿ.ಮೀ. ದಪ್ಪದ ಮೃದ್ವಸ್ಥಿ. ದೊಡ್ಡಮ್ಮ ತಟ್ಟುವ ಅಕ್ಕಿರೊಟ್ಟಿಯಷ್ಟು! ಜಾರಲು ಬೇಕಾದ ಎಣ್ಣೆ ಒಂದು ಟೀ ಚಮಚ ತುಂಬುವಷ್ಟೂ ಇಲ್ಲ. ಆದರೂ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ಸಲೀಸಾಗಿ ಇದು ಜಾರುತ್ತದೆ. ಆಷಾಢದ ಪಾಚಿಗಟ್ಟಿದ ಅಂಗಳದಲ್ಲಿ ನಾವು ಜಾರುವುದನ್ನು ಕಂಡವರಿಗೂ ಇದು ನಂಬುವ ಮಾತಲ್ಲ.

ಎಲುಬಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಮೊದಲು ಕತ್ತಿಯ ಮಾತೆತ್ತಲಿಲ್ಲ. “ಒಂದು ಕಿಲೋ ಇಳಿಸಿ ಅಮ್ಮ, ಹೆಜ್ಜೆಗೆ ನಾಲ್ಕು ಕಿಲೋ ಹಗುರಾಗುತ್ತದೆ” ಅಂದರು. ನಾನು ಅಲ್ಲೇ ಬೆರಳೆಣಿಸಿದೆ. ದಿನಕ್ಕೆ 12 ಟನ್, ಮೂರು ಆನೆ. ಒಂದು ಕಿಲೋ ಕಡುಬು ಬಿಟ್ಟರೆ ಮೂರು ಆನೆ ಇಳಿಯುತ್ತವೆ ಎಂದು ದೊಡ್ಡಮ್ಮನಿಗೆ ಹೇಳಿದೆ. “ಆನೆ ಇದ್ದರೆ ಇರಲಿ, ಕಡುಬು ಬಿಡುವುದಿಲ್ಲ” ಎಂಬ ಉತ್ತರ ಬಂತು.

ಸೊಂಟದ ಕೀಲಿನ ಲೆಕ್ಕ ಇನ್ನೂ ಭಯಂಕರ. ಎಡವಿ ಮುಗ್ಗರಿಸುವ ಆ ಅರೆಕ್ಷಣದಲ್ಲಿ ಅಲ್ಲಿ ಬೀಳುವ ಭಾರ ಮೈತೂಕದ ಎಂಟು ಪಟ್ಟು ಮುಟ್ಟುತ್ತದೆ; 60 ಕಿಲೋದವರಿಗೆ 480 ಕಿಲೋ, ಹತ್ತು ಚೀಲ ಸಿಮೆಂಟಿಗೆ 20 ಕಿಲೋ ಮಾತ್ರ ಕಮ್ಮಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಮೀಟರ್ ದಾಟಿ ಮಳೆ ಸುರಿಯುವ ಸೀಮೆ ಇದು. ಮುಗ್ಗರಿಸುವ ಅವಕಾಶಕ್ಕೆ ಕೊರತೆ ಎಲ್ಲಿ? ದೇವರು ಕೊಟ್ಟ ಸೊಂಟದ ಗುಂಡು ಸಿಪ್ಪೆಸಮೇತ ಹಣ್ಣಡಿಕೆಯಷ್ಟಿದೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ 1962ರಲ್ಲಿ ಗೆದ್ದ ಕೃತಕ ಗುಂಡಿನ ಅಡ್ಡಳತೆ 22.225 ಮಿ.ಮೀ., ಸುಲಿದ ಅಡಿಕೆಯಷ್ಟು! ಅದಕ್ಕೂ ಮುಂಚೆ ಟೆಫ್ಲಾನ್ ಬಟ್ಟಲು ಹಾಕಿ ಸುಮಾರು 300 ಸೊಂಟಗಳಲ್ಲಿ ಸೋತಿದ್ದರು. ಆ ವಸ್ತು ಮೈಗೆ ಏನು ಮಾಡುತ್ತದೆ ನೋಡಲು ಅದರ ಚೂರನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡ ಮನುಷ್ಯ ಅವರು.

ನಗು ನಿಲ್ಲಿಸಿ ಹೇಳಬೇಕಾದ ಒಂದು ಮಾತು ಇಲ್ಲಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದ ನಡುವೆ ಬೆಳಕಿಗೆ ಬಂದು, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬಡ ಮನೆಗಳನ್ನು ಹಿಡಿದ ಹಂದಿಗೋಡು ಕಾಯಿಲೆ, ಎಳೆಯ ವಯಸ್ಸಿಗೇ ಸೊಂಟದ ಕೀಲನ್ನು ತಿಂದುಹಾಕುವ ಆನುವಂಶಿಕ ರೋಗ. ನಾನು ಲೆಕ್ಕ ಹಾಕುವ ಕೋಟಿ ಹೆಜ್ಜೆಗಳು ಆ ರೋಗಿಗಳ ಪಾಲಿಗೆ ಬಂದೇ ಇಲ್ಲ.

ಆನೆಯ ಲೆಕ್ಕ ನಾನು ಸುಮ್ಮನೆ ತಂದದ್ದಲ್ಲ. ಆನೆ ನಿಜವಾಗಿಯೂ ಮನುಷ್ಯರ ಕೀಲಿನೊಳಗೆ ಹೊಕ್ಕಿದೆ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ದಂತದ ಮಂಡಿ ಕೂರಿಸಿದರು. ಬರ್ಮಾದ ಮ್ಯಾಂಡಲೆಯಲ್ಲಿ ಡಾ. ಸಾನ್ ಬಾ 1960ರಿಂದ ಮುರಿದ ಸೊಂಟಗಳಿಗೆ ದಂತದ ಗುಂಡು ಹಾಕಿದ್ದು 300ಕ್ಕೂ ಹೆಚ್ಚು ಸಲ. ಮೊದಲನೆಯವರು 83 ವರ್ಷದ ಬೌದ್ಧ ಸನ್ಯಾಸಿನಿ!

ಈಗಿನ ಕೃತಕ ಮಂಡಿ ಕೋಬಾಲ್ಟ್-ಕ್ರೋಮಿಯಂನದು, ನಡುವೆ ಪ್ಲಾಸ್ಟಿಕ್. ಎಲ್ಲಾ ಸೇರಿ ತೂಕ ಅರ್ಧ ಕಿಲೋ ಆಚೀಚೆ. ಎಲುಬಿನ ತುದಿಯಿಂದ ಕೊಯ್ದು ತೆಗೆಯುವುದು ಎಂಟು-ಹತ್ತು ಮಿ.ಮೀ. ಅಂಟಿಸುವ ಸಿಮೆಂಟಿನ ಪೊಟ್ಟಣ 50 ಕಿಲೋದ್ದಲ್ಲ, 40 ಗ್ರಾಮಿನದು. ಕ್ಯೂರಿಂಗ್‌ಗೆ ನೀರು ಹೊಡೆಯುತ್ತಾ ಕೂರಬೇಕಿಲ್ಲ, ಕಾಲು ಗಂಟೆಯೊಳಗೆ ಕಲ್ಲಾಗುತ್ತದೆ. ಕಾಲಿನ ನೇರದಲ್ಲಿ ತಪ್ಪಬಹುದಾದದ್ದು ಹೆಚ್ಚೆಂದರೆ 3 ಡಿಗ್ರಿ ಎಂಬುದು ಸರ್ಜನ್ನರ ಹಳೆಯ ಗೆರೆ. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಸರಿಯುವಷ್ಟು. ಪ್ರಧಾನಿಯಾಗಿದ್ದಾಗಲೇ ವಾಜಪೇಯಿ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿ ಬದಲಿಸಿಕೊಂಡರು. ಆಗ ಅದು ದೊಡ್ಡವರ ಆಪರೇಷನ್. 2017ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ, ಬೆಂಗಳೂರಿನ ಅನಂತಕುಮಾರ್ ದರಕ್ಕೆ ಮಿತಿ ಘೋಷಿಸಿದಾಗ ಸರಾಸರಿ 1,58,324 ರೂಪಾಯಿಯ ಈ ಅರ್ಧ ಕಿಲೋ ಲೋಹ ತೆರಿಗೆ ಬಿಟ್ಟು 54,720ಕ್ಕೆ ಇಳಿಯಿತು. ದೇಶಕ್ಕೆ ವರ್ಷಕ್ಕೆ 1,500 ಕೋಟಿ ಉಳಿತಾಯ ಎಂದಿತು ಸರ್ಕಾರ. ದಿನಕ್ಕೆ ನಾಲ್ಕು ಕೋಟಿ!

ದೊಡ್ಡಮ್ಮನಿಗೂ ಕೊನೆಗೆ ಆಪರೇಷನ್ನೇ ಗತಿ ಎಂದಾಯಿತು. ಆದರೆ ನಮ್ಮ ಮನೆಯ ತಕರಾರು ರೂಪಾಯಿಯದಾಗಿರಲಿಲ್ಲ, ಡಿಗ್ರಿಯದು. ನಡೆಯಲು ಮಂಡಿ 70 ಡಿಗ್ರಿ ಬಾಗಿದರೆ ಸಾಕು. ಕುರ್ಚಿಯಿಂದ ಏಳಲು ನೂರರ ಸುತ್ತಮುತ್ತ. ಹೊಸ ಮಂಡಿ ಸಾಮಾನ್ಯವಾಗಿ 110-120ಕ್ಕೆ ಬರುತ್ತದೆ. ಕುಕ್ಕರಗಾಲಿಗೆ 130 ದಾಟಬೇಕು. ನಡುವೆ ಉಳಿಯುವ ಹತ್ತಿಪ್ಪತ್ತು ಡಿಗ್ರಿಯಲ್ಲಿ ಏನೇನಿದೆ ಗೊತ್ತೇ? ಊಟದ ಮಣೆ, ರಂಗೋಲಿ, ಬಚ್ಚಲ ಒಲೆ, ಹಳೇ ಪಾಯಿಖಾನೆ, ಮತ್ತೆ ಮೆಟ್ಟುಗತ್ತಿ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಕಾಲು ಮಡಿಸಿ ಕೂತು ಅಡಿಕೆ ಸುಲಿದವರಿಗೆ ಡಾಕ್ಟರು ಹೇಳಿದ್ದು ಒಂದೇ ಸಂಖ್ಯೆ, 18 ಇಂಚು. ಅದಕ್ಕಿಂತ ತಗ್ಗಾದ ಯಾವುದರ ಮೇಲೂ ಕೂರಬೇಡಿ. ಕೊನೆಗೆ ದೊಡ್ಡಪ್ಪ ಆಚಾರಿಯನ್ನು ಕರೆಸಿ ಮೆಟ್ಟುಗತ್ತಿಯನ್ನೇ ಬೆಂಚಿನೆತ್ತರಕ್ಕೆ ಏರಿಸಿದರು. ಮೇಸ್ತ್ರಿಗಿರಿಯಲ್ಲಿ ಇದೇನು ಕಮ್ಮಿ ಸರ್ಜರಿಯೇ?

ಹೊಸ ಮಂಡಿ ತಡೆಯುತ್ತದೆಯೇ? ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಸಿಕ್ಕಿಸಿ 50 ಲಕ್ಷ ಸಲ ಬಾಗಿಸುತ್ತಾರೆ. ಸೆಕೆಂಡಿಗೊಂದರಂತೆ ಹಗಲೂ ರಾತ್ರಿ 58 ದಿನ. ದೊಡ್ಡಮ್ಮನ ಲೆಕ್ಕದಲ್ಲಿ ಅದು ನಾಲ್ಕೂವರೆ ವರ್ಷದ ಕೆಲಸ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಎಣಿಕೆಯಂತೆ 100 ಹೊಸ ಮಂಡಿಗಳಲ್ಲಿ 82, 100 ಹೊಸ ಸೊಂಟಗಳಲ್ಲಿ 58, 25 ವರ್ಷವಾದರೂ ಗಟ್ಟಿಯಾಗಿರುತ್ತವೆ. 25 ವರ್ಷಕ್ಕೆ 2,73,75,000 ಬಾಗು, ಹತ್ತು ಲಕ್ಷ ಆನೆ, ಕಿರುಬೆರಳ ದಪ್ಪದ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ! ಆರಾರು ಮೀಟರಿನ ಆ ಆನೆಗಳನ್ನು ಬಾಲಕ್ಕೆ ಸೊಂಡಿಲು ಹಿಡಿಸಿ ಸಾಲು ನಿಲ್ಲಿಸಿದರೆ ಕನ್ಯಾಕುಮಾರಿಯಿಂದ ಕಾಶ್ಮೀರದ ತುದಿ ಮುಟ್ಟಿ, ತಿರುಗಿ ನಮ್ಮ ಶೃಂಗೇರಿ ದಾಟಿ, ಕೇರಳದೊಳಗೆ ಹೋಗುತ್ತದೆ ಸಾಲು.

ಇದು ಒಬ್ಬರ ಒಂದು ಮಂಡಿ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕು ಸೇರಿಸಿ 2011ರ ಗಣತಿಯಲ್ಲಿ ಎರಡು ಲಕ್ಷವೂ ಮುಟ್ಟದ ಜನ. ಕೂಸು-ಮುದುಕರೆನ್ನದೆ ತಲೆಗೆ ನಾಲ್ಕು ಕಿ.ಮೀ. ಹಾಕಿದರೆ ದಿನಕ್ಕೆ ಏಳು ಲಕ್ಷ ಕಿ.ಮೀ. ಮೀರುತ್ತದೆ. ಚಂದ್ರ ಇರುವುದು 3,84,400 ಕಿ.ಮೀ. ದೂರ. ಅಂದರೆ ಈ ಮೂರು ತಾಲ್ಲೂಕಿನವರು ಬೆಳಗ್ಗೆ ಕಾಫಿ ಕುಡಿದು ಹೊರಟವರು, ರಾತ್ರಿ ಊಟದ ಹೊತ್ತಿಗೆ ಚಂದ್ರನನ್ನು ಮುಟ್ಟಿ ಹೆಚ್ಚುಕಮ್ಮಿ ಮನೆ ಬಾಗಿಲಿಗೆ ಬಂದಿರುತ್ತಾರೆ. ದಿನಾಲೂ.

ಆಪರೇಷನ್ನಿನ ಮಾರನೇ ಬೆಳಗ್ಗೆ ಫಿಸಿಯೋ ಹುಡುಗಿ ವಾಕರ್ ಹಿಡಿಸಿ ದೊಡ್ಡಮ್ಮನನ್ನು ಎಬ್ಬಿಸಿದಳು. ಮೊದಲು ವಾಕರ್, ಆಮೇಲೆ ಬಲಗಾಲು, ಆಮೇಲೆ ಎಡಗಾಲು. ಮಂಚದಿಂದ ಬಾಗಿಲ ತನಕ 22 ಹೆಜ್ಜೆ. ಹಣೆಯಲ್ಲಿ ಬೆವರು, ಹಲ್ಲು ಕಚ್ಚಿದ ಮುಖ. “ಎಷ್ಟಾಯ್ತೋ ನಿನ್ನ ಲೆಕ್ಕ?” ಎಂದು ನನ್ನನ್ನೇ ಕೇಳಿದರು. ಹೊಸ ಮಂಡಿಯ ಪಾಲಿಗೆ 11, ಬಾಕಿ 2,73,74,989 ಎಂದೆ.