ಮಿದುಳಿನ ಬಿಳಿಯ ಸೇತುವೆ

1887ರಲ್ಲಿ ಪ್ಯಾರಿಸ್ ನಗರದ ವಿದ್ಯಾವಂತ ವೃದ್ಧರೊಬ್ಬರಿಗೆ ವಿಚಿತ್ರವಾದ ತೊಂದರೆಯೊಂದು ಒದಗಿತು. ಅಕ್ಷರಗಳು ಕಣ್ಣಿಗೆ ಕಾಣುತ್ತಿದ್ದುವು; ಆದರೆ ಅವನ್ನು ಓದಲು ಬಾರದಾಯಿತು. ಅವರ ಮಾತು ಕೆಟ್ಟಿರಲಿಲ್ಲ, ಬುದ್ಧಿ ಮಂಕಾಗಿರಲಿಲ್ಲ. ಯಾರಾದರೂ ಹೇಳಿದುದನ್ನು ಅವರು ಬರೆಯಬಲ್ಲವರಾಗಿದ್ದರು. ಆದರೆ ತಾವೇ ಬರೆದುದನ್ನು ಮರುಗಳಿಗೆಯಲ್ಲಿ ಓದಲಾರರು. ಅಕ್ಷರದ ಆಕಾರವನ್ನು ಬೆರಳಿನಿಂದ ತಿದ್ದಿದಾಗ ಮಾತ್ರ ಅದು ಯಾವುದೆಂದು ಹೊಳೆಯುತ್ತಿತ್ತು. ಇದಕ್ಕೆ ಕಾರಣವೇನು?

ಮಿದುಳಿನ ಹೊರಪದರವು ಬೂದು ಬಣ್ಣದ್ದು. ನರಕೋಶಗಳು ಒತ್ತೊತ್ತಾಗಿ ನೆಲಸಿರುವುದು ಅಲ್ಲಿ. ಅದರ ಒಳಗಿರುವುದೇ ಶ್ವೇತದ್ರವ್ಯ. ನರಕೋಶಗಳಿಂದ ಹೊರಟು ಒಂದು ಭಾಗವನ್ನು ಮತ್ತೊಂದಕ್ಕೆ ಜೋಡಿಸುವ ಅಸಂಖ್ಯ ನರತಂತುಗಳಿಂದ ಅದು ಆಗಿದೆ. ಈ ತಂತುಗಳಲ್ಲಿ ಬಹುಪಾಲಿನ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯುಂಟು. ಬಿಳುಪು ಬಂದಿರುವುದು ಅದರಿಂದಲೇ. ಹೊದಿಕೆಯಿಲ್ಲದ ತೆಳುವಾದ ತಂತುವಿನಲ್ಲಿ ಸಂದೇಶವು ಸೆಕೆಂಡಿಗೆ ಒಂದೆರಡು ಮೀಟರು ಸಾಗಿದರೆ, ಹೊದಿಕೆಯುಳ್ಳ ದಪ್ಪ ತಂತುವಿನಲ್ಲಿ 100 ಮೀಟರಿನಷ್ಟು ದೂರ ಧಾವಿಸಬಲ್ಲುದು. ಮಿದುಳಿನ ಎಡ ಬಲ ಅರ್ಧಗೋಳಗಳನ್ನು ಕೂಡಿಸುವ ಶ್ವೇತದ್ರವ್ಯದ ದೊಡ್ಡ ಸೇತುವೆಗೆ ಕಾರ್ಪಸ್ ಕೆಲೋಸಮ್ ಎಂದು ಹೆಸರು. ಅದರಲ್ಲಿ ಸುಮಾರು 20 ಕೋಟಿ ತಂತುಗಳಿವೆ.

1892ರಲ್ಲಿ ಆ ವೃದ್ಧರು ತೀರಿಕೊಂಡರು. ವೈದ್ಯ ಜೂಲ್ ದೆಜೆರೀನ್ ಅವರ ಮಿದುಳನ್ನು ಪರೀಕ್ಷಿಸಿದಾಗ ಹಳೆಯ ಗಾಯದ ನೆಲೆ ತಿಳಿದುಬಂದಿತು. ಎಡ ಅರ್ಧಗೋಳದ ಹಿಂಬದಿಯ ದೃಷ್ಟಿಕೇಂದ್ರವೂ ಸೇತುವೆಯ ಹಿಂತುದಿಯೂ ಹಾಳಾಗಿದ್ದುವು. ಬಲಬದಿಯ ದೃಷ್ಟಿಕೇಂದ್ರ ಕೆಡದೆ ಉಳಿದಿತ್ತು. ಎಡಬದಿಯಲ್ಲಿ ಅಕ್ಷರಗಳ ಅರಿವಿಗೆ ಬೇಕಾದ ಭಾಗವೂ ಉಳಿದಿತ್ತು. ಕಡಿದುಹೋಗಿದ್ದುದು ನಡುವಣ ದಾರಿ. ಬಲಬದಿ ಕಂಡುದು ಎಡಬದಿಗೆ ಮುಟ್ಟುತ್ತಿರಲಿಲ್ಲ. ಕೈಯ ಚಲನೆಯ ಅರಿವು ಬೇರೊಂದು ದಾರಿಯಿಂದ ಬರುತ್ತಿದ್ದುದರಿಂದ, ಕಣ್ಣು ಓದಲಾರದುದನ್ನು ಬೆರಳು ಓದುತ್ತಿತ್ತು.

ಈ ದಾರಿಗಳು ಹುಟ್ಟಿನಲ್ಲಿಯೇ ಪೂರ್ಣವಾಗಿ ಸಿದ್ಧವಾಗಿರುವುದಿಲ್ಲ. ಮಯಲಿನ್ ಹೊದಿಕೆಯು ಯೌವನದವರೆಗೂ ಬೆಳೆಯುತ್ತದೆ. ಕಲಿಕೆಗೂ ಶ್ವೇತದ್ರವ್ಯಕ್ಕೂ ನಂಟುಂಟು. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ ಆಯುಧವನ್ನು ಕೆಳಗಿಟ್ಟು ಊರಿಗೆ ಮರಳಿದ ಗೆರಿಲ್ಲ ಹೋರಾಟಗಾರರಲ್ಲಿ ಕೆಲವರು ದೊಡ್ಡವರಾದ ಮೇಲೆ ಓದು ಕಲಿತರು. ಅವರ ಮಿದುಳುಗಳನ್ನು, ಓದು ಇನ್ನೂ ಬಾರದಿದ್ದವರ ಮಿದುಳುಗಳೊಡನೆ ವಿಜ್ಞಾನಿಗಳು ಹೋಲಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಓದು ಕಲಿತವರಲ್ಲಿ ಸೇತುವೆಯ ಹಿಂತುದಿಯ ಶ್ವೇತದ್ರವ್ಯ ಹೆಚ್ಚಾಗಿತ್ತು. ಪ್ಯಾರಿಸಿನ ವೃದ್ಧರಲ್ಲಿ ಹಾಳಾಗಿದ್ದುದೂ ಅದೇ ಎಡೆ.

ಮಿದುಳಿನ ಒಂದೊಂದು ಭಾಗವೂ ಚೆನ್ನಾಗಿದ್ದರೆ ಸಾಲದು. ಅವು ಒಂದನ್ನೊಂದು ಮುಟ್ಟಬೇಕು. ಆ ದಾರಿ ಕಡಿದಾಗ ಬಲ್ಲವನಿಗೂ ಅಕ್ಷರ ಬರಿಯ ಗೆರೆಯಾಗುತ್ತದೆ. ದಾರಿ ಬಲಗೊಂಡಾಗ, ತಡವಾಗಿ ಕಲಿಯಲು ಕುಳಿತವನಿಗೂ ಗೆರೆ ಅಕ್ಷರವಾಗುತ್ತದೆ.