ನಾಲ್ಕು ಪಟ್ಟು ದೂರ, ಎರಡು ಪಟ್ಟು ಹೊತ್ತು

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ., ದಿಲ್ಲಿಗೆ ಎಳೆದರೆ ಸುಮಾರು 1,480. ದೂರ ನಾಲ್ಕು ಪಟ್ಟು. ಬೆಂಗಳೂರಿಗೆ ಹೆಚ್ಚುಕಡಿಮೆ ಒಂದೂಕಾಲು ಗಂಟೆ ಹಿಡಿದರೆ ದಿಲ್ಲಿಗೆ ಐದು ಗಂಟೆ ಬೇಕಿತ್ತು. ಆದರೆ ಎರಡೂಮುಕ್ಕಾಲು ಗಂಟೆಯ ಆಸುಪಾಸಿಗೆ ವಿಮಾನ ದಿಲ್ಲಿಯಲ್ಲಿರುತ್ತದೆ. ಹೆಚ್ಚುವರಿ 1,110 ಕಿ.ಮೀ. ದಾರಿಗೆ ತಗಲುವುದು ಒಂದೂವರೆ ಗಂಟೆ ಮಾತ್ರ. ಅಂದರೆ ಹಾರಾಟದ ಹೊತ್ತಿನಲ್ಲಿ ದೂರಕ್ಕೆ ಸಂಬಂಧವೇ ಇಲ್ಲದ ಒಂದು ದೊಡ್ಡ ಪಾಲಿದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಯಾವ ಊರಿಗೆ ವಿಮಾನ ಬೇಕೆಂದು ಕೇಳುವುದು ಅರ್ಧ ಲೆಕ್ಕವಷ್ಟೇ.

ವೇಳಾಪಟ್ಟಿಯ ಗಡಿಯಾರ ಓಡತೊಡಗುವುದು ವಿಮಾನ ನೆಲ ಬಿಟ್ಟಾಗ ಅಲ್ಲ, ಚಕ್ರಗಳಿಗೆ ಕೊಟ್ಟ ಅಡೆ ತೆಗೆದು ಅದು ನಿಂತ ಜಾಗದಿಂದ ಕದಲಿದಾಗ. ನಿಲ್ಲುವುದೂ ಇನ್ನೊಂದು ಊರಿನಲ್ಲಿ ತನ್ನ ಜಾಗ ಸೇರಿ ನಿಂತಾಗಲೇ. ರನ್‌ವೇವರೆಗಿನ ತೆವಳಾಟ, ಸರದಿಗಾಗಿ ಕಾಯುವುದು, ಇಳಿಯುವ ಮುನ್ನ ಸಾಲಿನಲ್ಲಿ ಸುತ್ತುವುದು ಎಲ್ಲವೂ ಇದರೊಳಗೇ ಬಂತು. ಮೇಲಾಗಿ ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ವೇಗದ ಮಿತಿಯಿದೆ. ಈ ಸುಂಕವನ್ನು ಹತ್ತಿರದ ಊರಿಗೂ ದೂರದ ಊರಿಗೂ ಒಂದೇ ಸಮ ತೆರಬೇಕು.

ಬೆಂಗಳೂರಿಗೆ ಹೋಗುವುದು ಪ್ರೊಪೆಲ್ಲರ್‌ನ ಎಟಿಆರ್ ವಿಮಾನ, ಅದು ಜೆಟ್‌ಗಿಂತ ನಿಧಾನ, ತಡವಾಗುವುದು ಅದಕ್ಕೇ ಎಂದು ಯಾರಾದರೂ ಹೇಳಬಹುದು. ನಿಧಾನವೆಂಬುದು ನಿಜ. ಎಟಿಆರ್ ಗಂಟೆಗೆ ಸುಮಾರು 500 ಕಿ.ಮೀ. ಹೋದರೆ ಏರ್‌ಬಸ್ ಜೆಟ್‌ನ ವೇಗ 830ರ ಹತ್ತಿರ. ಆದರೆ ಆ 830 ಸಿಗುವುದು ಮೂವತ್ತೈದು ಸಾವಿರ ಅಡಿಯ ಎತ್ತರದಲ್ಲಿ. ಅಲ್ಲಿಗೆ ಏರುವಷ್ಟರಲ್ಲಿ ಇನ್ನೂರು ಕಿ.ಮೀ. ಸರಿಸುಮಾರು ಕಳೆಯುತ್ತದೆ, ಅಲ್ಲಿಂದ ಇಳಿಯಲು ಇನ್ನೊಂದು ಇನ್ನೂರು. 370 ಕಿ.ಮೀ. ದಾರಿಯಲ್ಲಿ ಜೆಟ್ ಆ ಎತ್ತರ ಮುಟ್ಟುವ ಮೊದಲೇ ಇಳಿಯತೊಡಗಬೇಕು. ಹಾಗಾಗಿ ಏರ್‌ಬಸ್ ಹಾಕಿದರೂ ಉಳಿಯುವುದು ಕೆಲವೇ ನಿಮಿಷ. ಕಂಪನಿಗಳು ವೇಳೆಯನ್ನು ಸ್ವಲ್ಪ ಸಡಿಲವಾಗಿ ಬರೆಯುತ್ತವೆಂಬ ಮಾತೂ ಸುಳ್ಳಲ್ಲ. ಆದರೆ ಆ ಸಡಿಲಿಕೆ ಎರಡೂ ದಾರಿಗಳಲ್ಲಿದೆ. ಗಾಳಿಯ ಪಾತ್ರ ಇಲ್ಲಿ ಚಿಕ್ಕದು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಡುವಣ ಗಾಳಿ ಜೋರಾಗಿ ಬೀಸುತ್ತದೆ, ಆದರೆ ದಿಲ್ಲಿ ನಮಗೆ ಹೆಚ್ಚುಕಡಿಮೆ ನೇರ ಉತ್ತರ. 150 ಕಿ.ಮೀ. ವೇಗದ ಅಡ್ಡಗಾಳಿ ಬೀಸಿದರೂ 830ರ ವೇಗ 816ಕ್ಕೆ ಇಳಿಯುತ್ತದೆ, ಅಷ್ಟೇ.

ಇನ್ನು ರೈಲಿನೊಡನೆ ಹೋಲಿಸಿ ನೋಡೋಣ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಸುಮಾರು ಆರು ಗಂಟೆಯಲ್ಲಿ ಬೆಂಗಳೂರಿನ ನಡುಮಧ್ಯಕ್ಕೆ ಮುಟ್ಟಿಸುತ್ತದೆ. ವಿಮಾನಕ್ಕೆ ಮುಂಚೆ ಹೋಗಿ ಕಾಯುವುದು, ದೇವನಹಳ್ಳಿಯಿಂದ ಊರೊಳಗೆ ಬರುವುದು ಕೂಡಿಸಿದರೆ ನಾಲ್ಕು ಗಂಟೆಯಂತೂ ಹೋಗುತ್ತದೆ. ಉಳಿತಾಯ ಎರಡು ಗಂಟೆ. ದಿಲ್ಲಿಗಾದರೆ ರೈಲಿನಲ್ಲಿ ಒಂದು ದಿನಕ್ಕೂ ಮಿಕ್ಕ ಪ್ರಯಾಣ, ಅಲ್ಲಿ ವಿಮಾನ ಇಡೀ ದಿನವನ್ನೇ ಉಳಿಸುತ್ತದೆ. ಬೆಂಗಳೂರಿನಲ್ಲಿ ವಿದೇಶದ ವಿಮಾನ ಹತ್ತುವವರ ಕತೆ ಬೇರೆ. ಅವರಿಗೆ ದೇವನಹಳ್ಳಿಯೇ ಬೇಕು, ಅವರಿಗಾಗಿ ಆ ವಿಮಾನ ಉಳಿಯಲೇಬೇಕು. ಆದರೆ ಹೊಸದಾಗಿ ಬೇಡಿಕೆ ಇಡುವಾಗ ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರ ಮೊದಲು ಕೇಳಬೇಕಾದ್ದು ಸಾವಿರ ಕಿ.ಮೀ. ದಾಟಿದ ಊರುಗಳನ್ನು. 2,600 ಮೀಟರ್ ಉದ್ದದ ರನ್‌ವೇ ಇದೆ, 2022ರ ನವೆಂಬರ್‌ನಲ್ಲಿ ಇಂಡಿಗೋ ದಿಲ್ಲಿಗೆ ಹಾರಾಟ ಶುರುಮಾಡಿ ದಾರಿಯನ್ನೂ ತೋರಿಸಿದೆ.