ಓದಿದ್ದೊಂದು, ಒದಗಿದ್ದೊಂದು

ಮಲ್ಲೇಶ್ವರದ ಮನೆಗಳಲ್ಲಿ ಮದುವೆಯ ಮಾತುಕತೆಗೆ ಕುಳಿತಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಹುಡುಗನಿಗೆ ಏನು ಕೆಲಸ?’ ಎಂಬುದು. ಇಂಜಿನಿಯರು, ಡಾಕ್ಟರು ಎಂದರೆ ಮಾತು ಮುಗಿಯಿತು. ‘ಟೆಕ್ನಿಕಲ್ ರೈಟರ್’ ಎಂದರೆ ಮಾತ್ರ ಹುಬ್ಬು ಮೇಲೇರುತ್ತದೆ. ಕಥೆ ಬರೆಯುವವನೇ? ಗುಮಾಸ್ತನೇ? ಎರಡೂ ಅಲ್ಲ. ಯಂತ್ರವನ್ನು ಕಟ್ಟಿದವನ ಮನಸ್ಸಿನಲ್ಲಿರುವುದನ್ನು, ಅದನ್ನು ಬಳಸುವವನಿಗೆ ತಿಳಿಯುವಂತೆ ಬರೆದುಕೊಡುವವನು.

ಈ ವೃತ್ತಿಯನ್ನು ಚಿಕ್ಕಂದಿನಿಂದ ಬಯಸಿ ಬಂದವರು ವಿರಳ. ದಾರಿ ತಪ್ಪಿ ಬಂದು ನೆಲೆನಿಂತವರೇ ಹೆಚ್ಚು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದಿತು. ಅದರ ಹಿಂದೆ ಇನ್ನೂ ಅನೇಕ ಸಂಸ್ಥೆಗಳು ಬಂದವು. ತಂತ್ರಾಂಶವನ್ನು ರಚಿಸುವವರೇನೋ ದೊರೆತರು. ಅದನ್ನು ವಿವರಿಸುವವರು ಬೇಕಾಯಿತು. ಇಂಗ್ಲಿಷ್ ಎಂ.ಎ. ಮುಗಿಸಿ ಅಧ್ಯಾಪಕ ಹುದ್ದೆಗಾಗಿ ಕಾದಿದ್ದವರು, ಪತ್ರಿಕಾ ಕಚೇರಿಯನ್ನು ಬಿಟ್ಟವರು, ಲೆಕ್ಕಕ್ಕಿಂತ ಮಾತನ್ನೇ ಹೆಚ್ಚು ಪ್ರೀತಿಸಿದ ಇಂಜಿನಿಯರುಗಳು ಆ ತೆರವನ್ನು ತುಂಬಿದರು.

ಇದು ಇಂದಿನ ಮಾತಷ್ಟೇ ಅಲ್ಲ. ಇಂಗ್ಲಿಷಿನ ಆದಿಕವಿಗಳಲ್ಲೊಬ್ಬನಾದ ಚಾಸರ್, 1391ರ ಸುಮಾರಿನಲ್ಲಿ ಆಸ್ಟ್ರೋಲೇಬ್ ಎಂಬ ಖಗೋಳ ಯಂತ್ರಕ್ಕೊಂದು ಕೈಪಿಡಿ ಬರೆದ. ಕಾರಣ ಬಹಳ ಸರಳ: ಹತ್ತು ವರ್ಷದ ಬಾಲಕ ಲೂಯಿಗೆ ಲ್ಯಾಟಿನ್ ಅಷ್ಟಾಗಿ ಬಾರದು. 1949ರಲ್ಲಿ ಅಮೆರಿಕದ ಬೈನ್ಯಾಕ್ ಗಣಕಯಂತ್ರಕ್ಕೆ ಕೈಪಿಡಿ ಬರೆದ ಜೋಸೆಫ್ ಚಾಪ್ಲಿನ್ ಆರ್ಗನ್ ವಾದಕನೂ ಆಗಿದ್ದ.

ಕೆಲಸ ಸುಲಭವೆಂದು ತೋರಬಹುದು, ಹಾಗಲ್ಲ. ‘ಮುಚ್ಚಳವನ್ನು ತೆರೆಯಿರಿ’ ಎಂಬುದರ ಬಳಿಕ ‘ಅದಕ್ಕೆ ಮೊದಲು ವಿದ್ಯುತ್ತನ್ನು ನಿಲ್ಲಿಸಿರಬೇಕು’ ಎಂದು ಬರೆದರೆ, ಓದುವವನ ಕೈ ಆಗಲೇ ಯಂತ್ರದೊಳಗಿರುತ್ತದೆ! ಒಂದು ವಾಕ್ಯ ಹಿಂದುಮುಂದಾದರೆ ಒಂದು ಜೀವಕ್ಕೇ ಅಪಾಯ. ಆದ್ದರಿಂದಲೇ ಒಳ್ಳೆಯ ಬರಹಗಾರ, ತನಗೇನೂ ತಿಳಿಯದೆಂಬಂತೆ, ಸಂಕೋಚವಿಲ್ಲದೆ ಪ್ರಶ್ನೆ ಕೇಳುತ್ತಾನೆ. ಬೇರೆ ವಿದ್ಯೆ ಕಲಿತು ಬಂದುದು ಇಲ್ಲಿ ಕೊರತೆಯಲ್ಲ, ಬಂಡವಾಳ.

ಕನ್ನಡಕ್ಕೂ ಇಂಥ ಹಿರಿಯರಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ವೆಂಕಟನಾರಣಪ್ಪನವರ ಲೇಖನಿ ಮಾತ್ರ ನಿಲ್ಲಲಿಲ್ಲ. ಭೌತಶಾಸ್ತ್ರದ ಆ ಮೇಷ್ಟರು ಮುಂದೆ ‘ಜೀವವಿಜ್ಞಾನ’ ಎಂಬ ಗ್ರಂಥವನ್ನೇ ಬರೆದರು.

ಇಂದು ಬೆಂಗಳೂರಿನಲ್ಲಿ ಕುಳಿತು ಬರೆದ ಕೈಪಿಡಿಗಳನ್ನು ಸಾಗರದಾಚೆಯವರು ಓದುತ್ತಾರೆ. ಬರೆದವನ ಮನೆಯಲ್ಲೇ, ಹೊಸ ಯಂತ್ರದ ಮುಂದೆ ನಿಂತ ಅಜ್ಜಿ ಮೊಮ್ಮಗನ ದಾರಿ ಕಾಯುತ್ತಿರುತ್ತಾಳೆ. ಅದರ ಕೈಪಿಡಿ ಆಕೆ ಓದಬಲ್ಲ ಭಾಷೆಯಲ್ಲಿಲ್ಲ. ಚಾಸರ್ ಒಬ್ಬ ಬಾಲಕನಿಗಾಗಿ ಮಾಡಿದ್ದನ್ನು ಈ ಅಜ್ಜಿಗಾಗಿ ಮಾಡುವವರು ಬೇಕಾಗಿದ್ದಾರೆ. ಅವರು ಎಡವಿ ಬಂದರೂ ಸರಿ, ಬಯಸಿ ಬಂದರೂ ಸರಿ!